ಯಾಕೆ ಕೂಗಲಿಲ್ಲ

ರಾತ್ರಿ ಪಾಳಿ ಮುಗಿಸಿ ಮೇಟಗಳ್ಳಿ ಕಡೆಯಿಂದ ಸೈಕಲ್ಲು ತುಳಿದು ಬರುವಾಗ ಚಿಕ್ಕಣ್ಣನಿಗೆ ಮನೆ ಮುಟ್ಟುವವರೆಗೆ ಕಣ್ಣು ಮುಚ್ಚಬಾರದು ಎನ್ನುವುದೊಂದೇ ಯೋಚನೆ. ರೆಪ್ಪೆಯೊಳಗೆ ಮರಳು ಸುರಿದಂತೆ. ಕಿವಿಯೊಳಗೆ ನೂಲಿನ ಕದಿರುಗಳು ಇನ್ನೂ ತಿರುಗುತ್ತಿರುತ್ತವೆ. ಗಿರಣಿ ಹಿಂದೆ ಬಿದ್ದು ಎರಡು ಮೈಲಿಯಾದರೂ ಆ ಮೊರೆತ ಬಿಡುವುದಿಲ್ಲ. ಆ ದಿನವೂ ಹಾಗೆಯೇ ತಲೆಗೂದಲಿಗೆ ಅಂಟಿದ ಹತ್ತಿಯನ್ನು ಒಂದು ಕೈಯಲ್ಲಿ ಕೀಳುತ್ತ ಪಡುವಾರಹಳ್ಳಿಯ ತನ್ನ ಬೀದಿಗೆ ತಿರುಗಿದವನಿಗೆ ತಾನು ಬಾಡಿಗೆಗಿದ್ದ ಮನೆಯ ಮುಂದೆ ಐದಾರು ಜನ ನಿಂತಿರುವುದು ಕಂಡಿತು. ಮನೆಯ ಯಜಮಾನರಾದ ಶಿವಲಿಂಗಯ್ಯನವರು, ಅರಮನೆಯ ಲಾಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಎಂಟು ಗಂಟೆಗೆ ಮುಂಚೆ ಬೀದಿಗೆ ಮುಖ ತೋರಿಸದವರು, ಶಾಲು ಹೊದ್ದು ಅವನ ಜಗಲಿಯ ಮೇಲೆ ಕೂತಿದ್ದರು. ಅವ್ವ ಸತ್ತಳು ಎಂದುಕೊಂಡ. ಎಂದುಕೊಂಡ ಕೂಡಲೇ ಎದೆಯಲ್ಲಿ ಏನೋ ಸಡಿಲವಾಯಿತು. ಹನ್ನೊಂದು ದಿನ ರಜ ಕೊಡುತ್ತಾರೆ, ಹನ್ನೊಂದು ರಾತ್ರಿ ಮನೆಯಲ್ಲೇ ಮಲಗಬಹುದು ಎಂದು ಮನಸ್ಸು ತನ್ನಷ್ಟಕ್ಕೆ ಎಣಿಸಿಬಿಟ್ಟಿತ್ತು. ಅಷ್ಟರಲ್ಲಿ ಅವ್ವ ಕೆಂಚಮ್ಮ ಗಟ್ಟಿಮುಟ್ಟಾಗಿ ಬಾಗಿಲಿನಿಂದ ಹೊರಗೆ ಬಂದು ಎದೆ ಬಡಿದುಕೊಂಡಾಗ ಅವನಿಗೆ ಮೊದಲು ಆದದ್ದು ಸಮಾಧಾನವಲ್ಲ, ಯಾರೋ ಮೋಸ ಮಾಡಿದರೆಂಬಂಥ ಮುಜುಗರ. ಅದನ್ನು ಅವಳು ಮುಖದಲ್ಲಿ ಓದಿಬಿಟ್ಟಾಳೆಂದು ಸೈಕಲ್ಲನ್ನು ಗೋಡೆಗೆ ಒರಗಿಸುವ ನೆಪದಲ್ಲಿ ಬೆನ್ನು ತಿರುಗಿಸಿದ.

"ಏನಾಯ್ತವ್ವ?"

"ಕಳ್ಳ ಬಂದಿದ್ದ ಕಣ್ಲ ಮಗ! ನಡುರಾತ್ರೀಲಿ! ನಿನ್ನೆಂಡ್ರು ಮಲ್ಗಿರೋ ಕೋಣೆಗೇ ನುಗ್ಗಿದ್ದ!"

ಎಲ್ಲರೂ ಒಟ್ಟಿಗೆ ಹೇಳಿದರು. ಎರಡು ಗಂಟೆಯ ಹೊತ್ತು. ಪಡಸಾಲೆಯಲ್ಲಿ ಮಲಗಿದ್ದ ಕೆಂಚಮ್ಮ ಉಚ್ಚೆಗೆಂದು ಎದ್ದು, ಬುಡ್ಡಿದೀಪ ಹಿಡಿದು, ನಡುಬಾಗಿಲು ತೆಗೆದಿದ್ದಾಳೆ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಒಬ್ಬ ಗಂಡಸು ಹಿತ್ತಾಳೆಯ ಕೊಡ ಹೆಗಲಿಗೇರಿಸಿಕೊಂಡು ಹೊಸಿಲು ದಾಟುತ್ತಿದ್ದ. ಅವಳು ಕೂಗಿಕೊಂಡಿದ್ದಾಳೆ. ಜನ ದೊಣ್ಣೆ ಹಿಡಿದು ಬರುವ ಹೊತ್ತಿಗೆ ಅವನು ಗೋಡೆ ಹಾರಿಯಾಗಿತ್ತು. ಹೋದದ್ದು ಆ ಕೊಡ, ಗೂಟದಲ್ಲಿ ನೇತುಹಾಕಿದ್ದ ಚಿಕ್ಕಣ್ಣನ ಉಣ್ಣೆ ಕೋಟು. ಅಷ್ಟೇ. ಟ್ರಂಕು ಮುಟ್ಟಿರಲಿಲ್ಲ. ಹೆಂಡತಿ ದೇವೀರಮ್ಮನ ಕೊರಳಿನ ಸರ ಕೊರಳಲ್ಲೇ ಇತ್ತು.

"ಕುತ್ತಿಗೇಲಿ ಚಿನ್ನ ಇದೆ. ಅದನ್ನ ಬಿಟ್ಟು ಹಿತ್ತಾಳೆ ಹೊತ್ಕೊಂಡು ಹೋಗಿದಾನೆ," ಎಂದರು ಶಿವಲಿಂಗಯ್ಯನವರು. "ವಿಚಿತ್ರದ ಕಳ್ಳನಪ್ಪ." ಅವರು ನಗಲಿಲ್ಲ. ಆದರೆ ವಿಚಿತ್ರ ಎಂಬ ಮಾತನ್ನು ಅಷ್ಟು ಎಳೆಯಬೇಕಾಗಿರಲಿಲ್ಲ ಎಂದು ಚಿಕ್ಕಣ್ಣನಿಗೆ ಅನ್ನಿಸಿತು. ನಿಂತಿದ್ದವರಲ್ಲಿ ಒಬ್ಬ ನೆಲ ನೋಡಿದ, ಇನ್ನೊಬ್ಬ ಕೆಮ್ಮಿದ. ಆ ಕೆಮ್ಮು ಬರಿಯ ಕೆಮ್ಮೇ ಇರಬಹುದು.

ಅವ್ವ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಗುಟ್ಟು ಹೇಳುವ ಭಂಗಿ, ಆದರೆ ದನಿ ಮೂರು ಮನೆಗೆ ಕೇಳಿಸುವಂಥದ್ದು. "ಅವ್ಳು ಎಚ್ಚರವಾಗೇ ಇದ್ಲು ಕಣ್ಲ. ದೀಪ ಹಿಡ್ದು ನೋಡಿವ್ನಿ. ಕಣ್ ಬುಟ್ಕಂಡು ಸೂರು ನೋಡ್ತಾ ಮಲ್ಗಿದ್ಲು. ನಾನ್ ಕೂಗ್ದೆ. ಅವ್ಳು ಕೂಗ್ನಿಲ್ಲ."

ಒಳಗೆ ದೇವೀರಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಐದು ತಿಂಗಳ ಹೊಟ್ಟೆ ಮಂಡಿಗೆ ತಾಗದಂತೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. ಅವಳ ಕೈ ನಡುಗುತ್ತಿದೆಯೇ ಎಂದು ಅವನು ನೋಡಿದ. ನಡುಗುತ್ತಿರಲಿಲ್ಲ. ನಡುಗಿದ್ದರೆ ಅದಕ್ಕೂ ಒಂದು ಅರ್ಥ ಹುಡುಕುತ್ತಿದ್ದೆ ಎಂದು ತನಗೇ ಗೊತ್ತಾಗಿ ಇನ್ನಷ್ಟು ರೇಗಿತು. ಕೇಳಬೇಕಾದದ್ದು ಬೇರೆ ಇತ್ತು: ಹೆದರಿಕೊಂಡೆಯಾ, ಏನಾದರೂ ಮಾಡಿದನಾ, ಹೊಟ್ಟೆ ನೋಯುತ್ತಿದೆಯಾ. ಬಾಯಿಂದ ಬಂದದ್ದು ಮಾತ್ರ:

"ಯಾಕೆ ಕೂಗ್ಲಿಲ್ಲ?"

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಒದ್ದೆ ಕೈ ಸವರಿದಳು. "ಗೊತ್ತಾಗ್ಲಿಲ್ಲ."

"ಏನು ಗೊತ್ತಾಗ್ಲಿಲ್ಲ? ಎಚ್ಚರ ಇರ್ಲಿಲ್ವಾ?"

"ಇತ್ತು."

"ಮತ್ತೆ?"

"ರೊಟ್ಟಿ ಬಿಸಿ ಅದೆ, ತಿನ್ನಿ," ಎಂದಳು.

ಅವನು ತಿನ್ನಲಿಲ್ಲ. ಮುಖ ತೊಳೆಯುವವನಂತೆ ಚೊಂಬು ಹಿಡಿದು ಹಿತ್ತಲಿಗೆ ಹೋದ. ಗಿರಣಿಯಲ್ಲಿ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಮದುವೆಯಾದ ಎರಡು ವರ್ಷವೂ ಹಾಗೆಯೇ ಕಳೆದಿದೆ. ಕಲ್ಲಿನ ಮೇಲೆ ಕೂತು ಅವನು ವಾರಗಳನ್ನು ಹಿಂದಕ್ಕೆ ತಿರುಗಿಸತೊಡಗಿದ: ಇದು ರಾತ್ರಿ, ಹೋದದ್ದು ಹಗಲು, ಅದರ ಹಿಂದಿನದು ರಾತ್ರಿ. ಐದು ತಿಂಗಳ ಹಿಂದೆ, ನಂಜನಗೂಡಿಗೆ ಹೋಗಿಬಂದ ಮೇಲೆ, ಯಾವ ವಾರ ಯಾವುದಿತ್ತು? ಎಣಿಸುತ್ತ ಹೋದಂತೆ ಒಂದು ಕಡೆ ಬೆರಳು ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದ. ಎಣಿಸುತ್ತಿರುವುದು ಏನನ್ನು ಎಂದು ಆಮೇಲೆ ಹೊಳೆಯಿತು. ಚೊಂಬಿನ ನೀರನ್ನೆಲ್ಲ ಮುಖಕ್ಕೆ ಒಂದೇ ಸಲ ಸುರಿದುಕೊಂಡ. ಆದರೂ ಬೆರಳುಗಳು ತೊಡೆಯ ಮೇಲೆ ತಮ್ಮ ಪಾಡಿಗೆ ತಾವು ಮಡಚಿಕೊಳ್ಳುತ್ತಲೇ ಇದ್ದವು.

ಗೋಡೆ ಎದೆಯೆತ್ತರದ್ದು, ಮೇಲೆ ಹೆಂಚಿನ ಚೂರು. ಆಚೆ ಕಸದ ಓಣಿ. ಸೀಬೆ ಗಿಡದ ಪಕ್ಕದಲ್ಲಿ ಒಂದು ಕಲ್ಲು ಹೊರಕ್ಕೆ ಚಾಚಿದೆ, ಅದರ ಮೇಲೆ ಕಾಲಿಟ್ಟರೆ ಅಲ್ಲಾಡುತ್ತದೆ, ಎಡಗಾಲಿನ ಭಾರ ಬಿಡದೆ ಬಲಗೈಯಿಂದ ಕೊಂಬೆ ಹಿಡಿಯಬೇಕು. ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವಾರದ ಹಿಂದೆ ಒಂದು ಗುರುವಾರ ರಾತ್ರಿ ಅವನೇ ಈ ಗೋಡೆ ಹಾರಿದ್ದ. ಗಿರಣಿಯಲ್ಲಿ ಜೊತೆಗೆ ಕೆಲಸ ಮಾಡುವ ದೇವರಾಜು ಬೀಡಿ ಹಚ್ಚುತ್ತ, "ರಾತ್ರಿ ಪಾಳಿಯೋನ ಹೆಂಡ್ತಿ ಅಂದ್ರೆ ಅರ್ಧ ಊರಿನ ಹೆಂಡ್ತಿ ಕಣೋ," ಎಂದಿದ್ದ. ಹೊಸಬರಿಗೆಲ್ಲ ಹೇಳುವ ಹಳಸಲು ಹಾಸ್ಯ. ಎಲ್ಲರ ಜೊತೆ ಚಿಕ್ಕಣ್ಣನೂ ನಕ್ಕಿದ್ದ. ನಗು ಮುಗಿದ ಮೇಲೆ ಆ ಮಾತು ಮಾತ್ರ ಕದಿರಿನಂತೆ ಒಳಗೆ ತಿರುಗಲು ಹತ್ತಿತು. ಹನ್ನೆರಡೂವರೆಗೆ ಹೊಟ್ಟೆನೋವೆಂದು ಹೇಳಿ ಹೊರಬಿದ್ದವನು ಕತ್ತಲಲ್ಲಿ ಸೈಕಲ್ಲು ತುಳಿದು ಬಂದು, ಓಣಿಯಲ್ಲಿ ಅದನ್ನು ಒರಗಿಸಿ, ತನ್ನ ಮನೆಯ ಗೋಡೆಯನ್ನು ತಾನೇ ಹಾರಿ, ಹಿತ್ತಲ ಬಾಗಿಲಿನ ಸಂದಿಯಲ್ಲಿ ಗಿರಣಿಯಿಂದ ತಂದ ಕಬ್ಬಿಣದ ಪಟ್ಟಿ ತೂರಿಸಿ ಚಿಲಕ ಎತ್ತಿದ್ದ. ಸಂದಿ ಸಾಲದೆ ಪಟ್ಟಿಯಿಂದಲೇ ಮರವನ್ನು ಸ್ವಲ್ಪ ಕೆತ್ತಿದ್ದ. ಒಳಗೆ ದೇವೀರಮ್ಮ ಒಬ್ಬಳೇ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದಳು. ಮೂಲೆಯಲ್ಲಿ, ಟ್ರಂಕಿನ ಹಿಂದೆ, ಕಣಜದ ಮರೆಯಲ್ಲಿ ಕೈಯಾಡಿಸಿ ನೋಡಿದ್ದ. ಆಮೇಲೆ ಬೆಂಕಿಕಡ್ಡಿ ಗೀರಿ ಅವಳ ಮುಖಕ್ಕೆ ಹಿಡಿದಿದ್ದ. ಮಗುವಿನಂತೆ ನಿದ್ದೆ. ಕಡ್ಡಿ ಬೆರಳು ಸುಡುವವರೆಗೆ ನೋಡಿದ್ದ. ಅಷ್ಟು ಪ್ರೀತಿ ಅವಳ ಮೇಲೆ ಮೊದಲ ರಾತ್ರಿಯೂ ಉಕ್ಕಿರಲಿಲ್ಲ. ಬಂದ ದಾರಿಯಲ್ಲೇ ವಾಪಸಾಗಿ, ಎರಡು ಗಂಟೆ ಹೊತ್ತು ಕಾಣದೆ ಹೋದುದಕ್ಕೆ ಮೇಸ್ತ್ರಿಯಿಂದ ಬೈಸಿಕೊಂಡು, ಬೆಳಗಿನವರೆಗೆ ಒಬ್ಬನೇ ಹಗುರವಾಗಿ ನೂಲಿನ ಎಳೆ ಕೂಡಿಸುತ್ತ ನಿಂತಿದ್ದ. ಯಾರಿಗೂ ತಿಳಿಯದ ಸಂಗತಿ ಅದು.

ಈಗ ಬಾಗಿಲಿನ ಬಳಿ ಹೋಗಿ ಸಂದಿ ನೋಡಿದ. ತಾನು ಕೆತ್ತಿದ್ದು ಹಾಗೆಯೇ ಇತ್ತು, ಒಂದು ಬೆರಳಗಲ. ಹೊಸದಾಗಿ ಕೆತ್ತುವ ಕಷ್ಟ ಕಳ್ಳನಿಗೆ ಬಿದ್ದಿರಲಿಲ್ಲ.

ತಲೆಬಾಗಿಲಲ್ಲಿ ಜನ ಕರಗಿದ್ದರು. ಕೆಂಚಮ್ಮ ಎದುರು ಮನೆಯವರಿಗೆ ಮೊದಲಿನಿಂದ ಹೇಳಲು ಹೋಗಿದ್ದಳು. ಚಿಕ್ಕಣ್ಣ ಒಳಗೆ ಬಂದು ನಡುಬಾಗಿಲು ಹಾಕಿ, ದನಿ ಇಳಿಸಿ, ಇನ್ನೊಮ್ಮೆ ಕೇಳಿದ. "ನಿಜ ಹೇಳು. ಪರಿಚಯದೋನಾ?"

ದೇವೀರಮ್ಮ ತಲೆಯೆತ್ತಿದಳು. "ಊಂ," ಎಂದಳು. "ಪರಿಚಯದೋರೇ ಅಂದ್ಕಂಡಿದ್ದೆ."

ಅವನ ಕಿವಿಗೆ ಗಿರಣಿಯೇ ಹೊಕ್ಕಂತಾಯಿತು. "ಯಾರು?"

"ನೀವು."

ಅವಳು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ಬೂದಿಗೆ ಒತ್ತಿ ಆರಿಸಿದಳು. ಮಾತು ನಿಧಾನವಾಗಿ ಬಂತು, ಅಳು ಇರಲಿಲ್ಲ. "ಅವತ್ತು ಬಂದಂಗೇ ಇವತ್ತೂ ಬಂದ್ರಿ ಅಂದ್ಕಂಡೆ. ಚಿಲಕ ಎತ್ತೋ ಸದ್ದು ಕೇಳ್ತು, ಅದೇ ಸದ್ದು. ಕಣ್ಣು ಮುಚ್ಕಂಡೆ. ಈಗ ಕಡ್ಡಿ ಗೀರ್ತೀರಿ, ಮುಖ ನೋಡ್ತೀರಿ, ನಿದ್ದೆ ಮಾಡೋಳ ಮುಖದಂಗೆ ಇರ್ಬೇಕು ಅಂತ ಉಸ್ರು ಸರಿ ಮಾಡ್ಕಂಡು ಕಾಯ್ತಿದ್ದೆ. ಕಡ್ಡಿ ಗೀರ್ಲೇ ಇಲ್ಲ. ಕೋಟು ತಗಂಡ ಸದ್ದಾಯ್ತು, ಚಳಿ ಅಂತ ತಗಂಡ್ರು ಅಂದ್ಕಂಡೆ. ಕೊಡ ಎತ್ತಿದ ಸದ್ದು ಆದಾಗ ಕಣ್ ಬುಟ್ಟೆ. ಬೆನ್ನು ನೋಡ್ದೆ. ನೀವಲ್ಲ. ಆಮೇಲೆ ಕೂಗಾನ ಅಂದ್ರೆ ಬಾಯೇ ಬರ್ನಿಲ್ಲ."

ಚಿಕ್ಕಣ್ಣ ಗೋಡೆ ಹಿಡಿದು ಕೂತ. ಒಬ್ಬ ಅಪರಿಚಿತ ಗಂಡಸು ತಾನು ನಿಂತಿದ್ದ ಜಾಗದಲ್ಲೇ ನಿಂತು ಉಸಿರಾಡುತ್ತಿರುವಾಗ ಇವಳು ಅವನಿಗೆ ಒಪ್ಪಿಸಲೆಂದು ಮುಖ ಸರಿಮಾಡಿಕೊಂಡು ಮಲಗಿದ್ದಳು. ಇದನ್ನು ಯೋಚಿಸಿದರೆ ಮೈ ಕುಗ್ಗುತ್ತಿತ್ತು. ಅವಳ ಕಾಲು ಮುಟ್ಟಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಇನ್ನೊಂದು ದನಿ ಎದ್ದಿತು: ಅವತ್ತು ಇವಳಿಗೆ ಎಚ್ಚರವಿತ್ತಲ್ಲ, ಯಾಕಿತ್ತು? ಒಂದು ಗಂಟೆ ರಾತ್ರಿಯಲ್ಲಿ ಯಾರನ್ನು ಕಾಯುತ್ತಿದ್ದಳು? ಈಗ ಹೇಳಿದ್ದೆಲ್ಲ ಬೆಳಗಿನಿಂದ ಒಲೆಯ ಮುಂದೆ ಕೂತು ಹೊಂದಿಸಿದ್ದಾದರೆ? ಅಷ್ಟು ಸರಾಗವಾಗಿ, ಅಳದೆ ಹೇಳಿದಳಲ್ಲ. ಅವನಿಗೆ ತನ್ನ ತಲೆಯ ಮೇಲೆಯೇ ಅಸಹ್ಯ ಹುಟ್ಟಿತು, ಆದರೆ ಆ ದನಿ ನಿಲ್ಲಲಿಲ್ಲ.

"ಅವತ್ತು ಎಚ್ಚರ ಇದ್ಯಾ ನೀನು?" ಎಂದು ಮಾತ್ರ ಕೇಳಿದ.

"ಕಣಜದ ಹಿಂದೆ ತಡಕಾಡ್ತಿದ್ರಲ್ಲ, ಯಾರಿಗೆ ಎಚ್ಚರ ಆಗಲ್ಲ?" ಎಂದಳು. "ನಾಚ್ಕೆ ಆಯ್ತು. ನಿಮ್ಗಲ್ಲ, ನನ್ಗೆ."

ಮಧ್ಯಾಹ್ನ ಮೂರಕ್ಕೆ ಠಾಣೆಯಿಂದ ದಫೇದಾರ ಬಂದ. ಶಿವಲಿಂಗಯ್ಯನವರೇ ದೂರು ಕಳಿಸಿದ್ದರು. ಅವರಿಗೆ ಕೊಡಕ್ಕಿಂತ ತಮ್ಮ ಮನೆಯ ಮರ್ಯಾದೆ ಮುಖ್ಯ. ದಫೇದಾರ ದಪ್ಪ ಮನುಷ್ಯ. ಜಗಲಿಯ ಮೇಲೆ ಕೂತು, ಟೊಪ್ಪಿಗೆ ತೊಡೆಯ ಮೇಲಿಟ್ಟು, ಕಾಗದ ಹರಡಿಕೊಂಡ. ಬೀದಿಯ ಜನ ಮತ್ತೆ ಸೇರಿದರು. ದೇವೀರಮ್ಮ ಬಾಗಿಲಿನ ಹಿಂದೆ ನಿಂತಿದ್ದಳು, ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ಕೆಂಚಮ್ಮ ಕೇಳದಿದ್ದರೂ ಎಲ್ಲವನ್ನೂ ಹೇಳಿದಳು, ಸೊಸೆ ಕಣ್ಣು ಬಿಟ್ಟುಕೊಂಡು ಮಲಗಿದ್ದುದನ್ನೂ.

"ಏನ್ರೀ," ಎಂದ ದಫೇದಾರ ಚಿಕ್ಕಣ್ಣನ ಕಡೆ ತಿರುಗಿ, "ನಿಮ್ಮ ಹೆಂಗಸ್ರು ಕೂಗ್ಲಿಲ್ವಂತೆ. ಕುತ್ತಿಗೆ ಸರ ಮುಟ್ಟಿಲ್ಲ. ಒದ್ದಿಲ್ಲ, ಹೊಡೆದಿಲ್ಲ. ಹಿಂಗಾದ್ರೆ ನಾವು ಏನಂತ ಬರ್ಕೊಳ್ಳೋದು?"

"ನಿದ್ದೇಲಿ..." ಎಂದು ಚಿಕ್ಕಣ್ಣ ಶುರುಮಾಡಿದ.

"ನಿದ್ದೆ ಎಲ್ಬಂತು? ಕಣ್ ಬುಟ್ಕಂಡಿದ್ಲು ಅಂತ ಯೋಳ್ನಿಲ್ವಾ?" ಎಂದಳು ಅವ್ವ.

"ಪರಿಚಯದೋನಿರ್ಬೇಕು," ಎಂದ ದಫೇದಾರ ಯಾರಿಗೂ ಅಲ್ಲವೆಂಬಂತೆ, ಪೆನ್ನಿನ ಮುಚ್ಚಳ ತಿರುಗಿಸುತ್ತ. "ಇಂಥಾವು ನಾವು ಬೇಕಾದಷ್ಟು ನೋಡಿದೀವಿ. ಒಂದು ಮಾತು ಬರ್ದು ಬಿಟ್ರೆ ಆಮೇಲೆ ನಿಮಗೇ ಕಷ್ಟ. ಅವರನ್ನ ಠಾಣೆಗೆ ಕರ್ಕೊಂಡ್ಬಂದು ಹೇಳ್ಕೆ ಕೊಡ್ಸಿ."

ಶಿವಲಿಂಗಯ್ಯನವರು ಶಾಲಿನ ಕುಚ್ಚನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಅಷ್ಟೂ ಕಣ್ಣುಗಳು ಬಾಗಿಲಿನ ಆ ಸೆರಗಿನ ಅಂಚಿನ ಮೇಲೆ ನೆಟ್ಟಿದ್ದವು. ಈಗ ಅವಳೇ ಹೊರಗೆ ಬಂದು ಹೇಳಿಬಿಡಲಿ ಎಂದು ಚಿಕ್ಕಣ್ಣ ಬಯಸಿದ. ಹೇಳಿದರೆ ಯಾರೂ ನಂಬುವುದಿಲ್ಲ, ತಾನೂ ನಂಬದವನಂತೆ ನಿಲ್ಲಬಹುದು. ಸೆರಗು ಅಲ್ಲಾಡಲಿಲ್ಲ. ಅವಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ತನ್ನ ಗಂಡ ಗೋಡೆ ಹಾರುವವನೆಂದು ಬೀದಿಗೆ ಹೇಳುವುದಕ್ಕಿಂತ ಠಾಣೆಯ ಬೆಂಚಿನ ಮೇಲೆ ಹೋಗಿ ಕೂರುತ್ತಾಳೆ, ಹೊಟ್ಟೆ ಹೊತ್ತುಕೊಂಡು.

"ನಾನು ಅಂದ್ಕೊಂಡ್ಳು," ಎಂದ ಚಿಕ್ಕಣ್ಣ.

"ಏನು?"

"ಬಂದೋನು ನಾನು ಅಂದ್ಕೊಂಡ್ಳು ಸ್ವಾಮಿ. ಅದಕ್ಕೆ ಕೂಗ್ಲಿಲ್ಲ."

"ನೀವು ರಾತ್ರಿ ಪಾಳೀಲಿದ್ರಲ್ಲ?"

"ಎರಡು ವಾರದ ಹಿಂದೆ ಒಂದಿನ ಬಂದಿದ್ದೆ. ನಡುರಾತ್ರೀಲಿ. ಗೋಡೆ ಹಾರಿ."

ದಫೇದಾರ ಪೆನ್ನು ಕೆಳಗಿಟ್ಟ. "ನಿಮ್ಮನೆ ಗೋಡೆ ನೀವ್ಯಾಕ್ರೀ ಹಾರ್ತೀರಿ?"

ಉತ್ತರ ಎಲ್ಲರಿಗೂ ಹೊಳೆದಿತ್ತು. ಆದರೂ ಅವನ ಬಾಯಿಂದಲೇ ಬರಲೆಂದು ಕಾದರು. "ನೋಡೋಕೆ," ಎಂದ. "ಅವಳು ಒಬ್ಬಳೇ ಇದಾಳಾ ಅಂತ." ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ. ಆಮೇಲೆ ದಫೇದಾರನ ಹೊಟ್ಟೆ ಕುಲುಕಿತು. ನಗುತ್ತಲೇ ಬರೆದುಕೊಂಡು ಗಟ್ಟಿಯಾಗಿ ಓದಿದ: "ಸದರಿ ಮನೆಯ ಬಾಡಿಗೆದಾರನು ಇದಕ್ಕೆ ಪೂರ್ವದಲ್ಲಿ ತಾನೂ ರಾತ್ರಿ ವೇಳೆಯಲ್ಲಿ ಸದರಿ ಗೋಡೆಯನ್ನು ಹಾರಿ ಒಳಪ್ರವೇಶ ಮಾಡಿದ್ದಾಗಿ ಒಪ್ಪಿರುತ್ತಾನೆ." ಮುಚ್ಚಳ ಹಾಕುತ್ತ, ನೆನಪಾದವನಂತೆ ಸೇರಿಸಿದ, "ಒಂಟಿಕೊಪ್ಪಲಲ್ಲೂ ಈ ವಾರ ಎರಡು ಮನೇಲಿ ಹಿಂಗೇ ಆಗಿದೆ. ಕೊಡ, ಬಟ್ಟೆ. ಮೈಮೇಲೆ ಕೈ ಹಾಕಲ್ಲ ಅವನು, ಹೆದ್ರುಪುಕ್ಕಲ. ಸಿಗ್ತಾನೆ ಬಿಡಿ."

ಈ ಮಾತನ್ನು ಮೊದಲೇ ಹೇಳಿದ್ದರೆ ನಾನು ಬಾಯಿ ಬಿಡಬೇಕಾಗಿರಲಿಲ್ಲ ಎಂದು ಚಿಕ್ಕಣ್ಣನಿಗೆ ಅನ್ನಿಸಿತು. ಹೆಂಡತಿಯನ್ನು ಉಳಿಸಿದೆನೆಂಬ ಸಮಾಧಾನ ಹುಟ್ಟುವ ಮೊದಲೇ ಈ ಲೆಕ್ಕ ಹುಟ್ಟಿಬಿಟ್ಟಿತ್ತು. ಶಿವಲಿಂಗಯ್ಯನವರು ಎದ್ದು ನಿಂತು, "ಆ ಮೂಲೆ ಹೆಂಚು ಒಡೆದೋನು ನೀನೇನಾ ಹಾಗಾದ್ರೆ? ನಾನು ಕೋತಿ ಅಂದ್ಕೊಂಡಿದ್ದೆ," ಎಂದರು. ಅದಕ್ಕೆ ಬೀದಿ ಇನ್ನೊಮ್ಮೆ ನಕ್ಕಿತು. ಕೆಂಚಮ್ಮ ನಗಲಿಲ್ಲ. ಮಗನನ್ನು ಸ್ವಲ್ಪ ಹೊತ್ತು ನೋಡಿದಳು, ಬೇರೆಯವರ ಮಗನನ್ನು ನೋಡುವಂತೆ. "ನಿಮ್ಮಪ್ಪನೂ ಇಂಗೇ ಇದ್ದ ಕಣ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು. ಒಳಗಿನಿಂದ ಅವಳು ಸೊಸೆಗೆ, "ನಿಂತೇ ಇದ್ದೀಯಲ್ಲ, ಕೂತ್ಕಳವ್ವ," ಎನ್ನುವುದು ಕೇಳಿಸಿತು. ಅಂಥ ದನಿಯಲ್ಲಿ ಅವ್ವ ಮಾತಾಡಿದ್ದನ್ನು ಅವನು ಈವರೆಗೆ ಕೇಳಿರಲಿಲ್ಲ.

ಸಂಜೆ ಮುದ್ದೆ ಬಡಿಸುವಾಗ ದೇವೀರಮ್ಮ ಏನಾದರೂ ಹೇಳುತ್ತಾಳೆಂದು ಕಾದ. ಇಡೀ ಬೀದಿಯ ಮುಂದೆ ಮೈ ಬಿಚ್ಚಿದವನಿಗೆ ಒಂದು ಮಾತು, ಮಾತಿಲ್ಲದಿದ್ದರೆ ಒಂದು ನೋಟ ಸಲ್ಲಬೇಕಲ್ಲವೇ. ಅವಳು ಎಂದಿನಂತೆ ಸಾರು ಬಿಟ್ಟಳು, ಎಂದಿನಂತೆ ಬುತ್ತಿ ಕಟ್ಟಿದಳು. "ಹೋಗ್ಲಿ ಬುಡು, ಆಗಿದ್ದಾಯ್ತು," ಎಂದು ಅವನೇ ಅಂದ. "ಊಂ," ಎಂದಳು. ಹೊರಡುವಾಗ ಹಿತ್ತಲ ಬಾಗಿಲಿನ ಸಂದಿಗೆ ಒಂದು ತಗಡು ಬಡಿದು, "ಈಗ ಯಾರೂ ಎತ್ತಕಾಗಲ್ಲ," ಎಂದ. ಅದಕ್ಕೂ ಅವಳು "ಊಂ" ಎಂದಳು.

ಗಿರಣಿಗೆ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. "ಏನ್ಲಾ ಚಿಕ್ಕಣ್ಣ, ನಿಮ್ಮನೇಗೆ ನೀನೇ ಕಳ್ಳನಂತೆ!" ಎಂದು ದೇವರಾಜು ಗೇಟಿನಲ್ಲೇ ಬೆನ್ನು ತಟ್ಟಿದ. ಅರ್ಧ ಊರಿನ ಹೆಂಡ್ತಿ ಎಂಬ ಆ ಮಾತು ನಿನ್ನದೇ ಎಂದು ಹೇಳಲು ಬಾಯಿ ತೆರೆದ ಚಿಕ್ಕಣ್ಣ ಮುಚ್ಚಿಕೊಂಡ. ಮಾತು ಅವನದು, ಗೋಡೆ ಹಾರಿದ ಕಾಲು ತನ್ನದು. ರಾತ್ರಿಯಿಡೀ ಎಳೆಗಳು ಹರಿದವು. ಒಂದು ಗಂಟೆಯಾದಾಗ, ಎರಡಾದಾಗ, ಅವಳೀಗ ಎಚ್ಚರವಾಗಿರುತ್ತಾಳೆ ಎಂದು ಅನ್ನಿಸಿತು. ಎಲೆ ಬಿದ್ದ ಸದ್ದಾದರೂ ಕಿವಿಗೊಡುತ್ತಾಳೆ. ಆದರೆ ಯಾರ ಹೆದರಿಕೆಗೆ? ಉಸಿರು ಸರಿಮಾಡಿಕೊಂಡು ಮುಖ ಸಜ್ಜುಮಾಡಿ ಮಲಗಿರುವ ಅವಳ ಚಿತ್ರ ಕಣ್ಣಿಗೆ ಕಟ್ಟಿತು. ಅವತ್ತು ಕಡ್ಡಿಯ ಬೆಳಕಿನಲ್ಲಿ ತಾನು ಮಗುವಿನ ನಿದ್ದೆಯೆಂದು ಮರುಳಾಗಿ ನೋಡಿದ ಮುಖ ಅದೇ ಎಂದು ಆಗಷ್ಟೇ ಅವನಿಗೆ ಹೊಳೆಯಿತು. ಹಾಗಾದರೆ ಅವಳ ನಿಜವಾದ ನಿದ್ದೆಯ ಮುಖವನ್ನು ತಾನು ನೋಡಿಯೇ ಇಲ್ಲವೇನೋ. ಕೈಯಲ್ಲಿದ್ದ ಎಳೆ ಮತ್ತೆ ಹರಿಯಿತು, ಮೇಸ್ತ್ರಿ ಕೂಗಿದ.

ಬೆಳಗಿನ ಜಾವ ಮಂಜು ಬಿದ್ದಿತ್ತು. ಕೋಟಿಲ್ಲದ ಮೈ ನಡುಗುತ್ತ ಬಂದವನಿಗೆ ಬೀದಿಯಲ್ಲಿ ಕಂಡವರು ಇಬ್ಬರೇ: ನೀರಿಗೆ ಹೊರಟ ಒಬ್ಬ ಹೆಂಗಸು, ಮತ್ತು ಇವತ್ತೂ ಎಂಟಕ್ಕೆ ಮುಂಚೆಯೇ ಎದ್ದು ಜಗಲಿಯ ತುದಿಯಲ್ಲಿ ಹಲ್ಲುಜ್ಜುತ್ತ ಕೂತ ಶಿವಲಿಂಗಯ್ಯನವರು. ದಿನವೂ ಈ ಹೊತ್ತಿಗೆ ತೆರೆದಿರುವ ಬಾಗಿಲು ಇವತ್ತು ಮುಚ್ಚಿತ್ತು. ಸೈಕಲ್ಲು ಹಿಡಿದುಕೊಂಡೇ ಅವನು ಕದ ತಟ್ಟಿದ.

"ಯಾರು?" ಒಳಗಿನಿಂದ ದೇವೀರಮ್ಮನ ದನಿ, ಬಾಗಿಲಿಗೆ ತೀರ ಹತ್ತಿರದಲ್ಲಿ.

"ನಾನು."

ಚಿಲಕ ಸರಿಯಲಿಲ್ಲ.

"ನಾನು ಅಂದ್ರೆ ಯಾರು?"

ನೀರಿನ ಹೆಂಗಸು ನಿಂತಳು. ಶಿವಲಿಂಗಯ್ಯನವರ ಬೆರಳು ಬಾಯೊಳಗೇ ನಿಂತಿತು. ತಮಾಷೆಯೇ ಎಂದು ಅವನು ದನಿಯಲ್ಲಿ ನಗು ಹುಡುಕಿದ, ಸಿಟ್ಟು ಹುಡುಕಿದ. ಎರಡೂ ಇರಲಿಲ್ಲ. ಅವಳು ಕೇಳುತ್ತಿದ್ದಳು, ಅಷ್ಟೇ.

"ಚಿಕ್ಕಣ್ಣ," ಎಂದ.

"ಕೇಳಿಸ್ಲಿಲ್ಲ."

"ಚಿಕ್ಕಣ್ಣ," ಎಂದು ಬೀದಿಗೆಲ್ಲ ಕೇಳುವಂತೆ, ಗಿರಣಿಯ ಹಾಜರಿಯಲ್ಲಿ ಕೂಗಿಕೊಳ್ಳುವಂತೆ ಹೇಳಿ, ಇನ್ನೇನು ಕೇಳುತ್ತಾಳೋ ಎಂದು ತಲೆ ತಗ್ಗಿಸಿ ಹೊಸಿಲ ಹೊರಗೆ ನಿಂತುಕೊಂಡ.